ಸಂಸದೀಯ ಗ್ರಂಥಾಲಯದಲ್ಲಿ ವಿದ್ಯಾರ್ಥಿ ಸಂಶೋಧನೆ: ಸದನದ ಮಾತಿಗೆ ಆಧಾರ ಒದಗಿಸುವ ಶಿಸ್ತು

ಮಸೂದೆಯೊಂದರ ಮೇಲಿನ ಚರ್ಚೆಯಲ್ಲಿ ಪಾಲ್ಗೊಳ್ಳಲು ಸಂಸದರೊಬ್ಬರು ಎದ್ದು ನಿಂತಾಗ ಅವರ ಕೈಯಲ್ಲಿ ಕೆಲವು ಹಾಳೆಗಳಿರುತ್ತವೆ. ಇದೇ ವಿಷಯ ಹಿಂದೆ ಯಾವಾಗ ಸದನದ ಮುಂದೆ ಬಂದಿತ್ತು, ಸಮಿತಿಯು ಏನು ಹೇಳಿತ್ತು, ಸರ್ಕಾರ ಕೊಟ್ಟ ಉತ್ತರವೇನು, ಇತರ ದೇಶಗಳಲ್ಲಿ ಎಂತಹ ವ್ಯವಸ್ಥೆಯಿದೆ ಎಂಬ ವಿವರಗಳು ಅವುಗಳಲ್ಲಿ ಅಡಕವಾಗಿರುತ್ತವೆ. ಇಂತಹ ಟಿಪ್ಪಣಿಗಳನ್ನು ಸಿದ್ಧಪಡಿಸುವ ಹೊಣೆಯನ್ನು ಹಲವು ದೇಶಗಳಲ್ಲಿ ಸಂಸತ್ತಿನ ಗ್ರಂಥಾಲಯವೇ ಹೊತ್ತಿದೆ. ಕೆಲವೆಡೆ ಆ ಕೆಲಸದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಪಾಲುದಾರರು.

ಅನುಭವಿ ಸಂಶೋಧನಾಧಿಕಾರಿಯೊಬ್ಬರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಯೊಬ್ಬರು ನಿಗದಿತ ಅವಧಿಗೆ ಗ್ರಂಥಾಲಯದ ಸಂಶೋಧನಾ ವಿಭಾಗದಲ್ಲಿ ಕುಳಿತು, ಜನಪ್ರತಿನಿಧಿಗಳಿಗೆ ಉಪಯುಕ್ತವಾಗುವ ಅಧ್ಯಯನವೊಂದನ್ನು ಪೂರೈಸುವ ವ್ಯವಸ್ಥೆಗೆ ಮಾರ್ಗದರ್ಶಿತ ವಿದ್ಯಾರ್ಥಿ ಸಂಶೋಧನೆ ಎನ್ನಬಹುದು. ಕಾಲೇಜಿನ ಪ್ರಬಂಧಕ್ಕೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆಯಿದ್ದರೂ ಉದ್ದೇಶ, ಓದುಗ, ಹೊಣೆಗಾರಿಕೆ ಈ ಮೂರರಲ್ಲೂ ಗಣನೀಯ ವ್ಯತ್ಯಾಸವಿದೆ. ಪ್ರಬಂಧದಲ್ಲಿ ತಪ್ಪಾದರೆ ವಿದ್ಯಾರ್ಥಿಯ ಅಂಕ ಕಡಿಮೆಯಾಗುತ್ತದೆ. ಇಲ್ಲಿ ತಪ್ಪಾದರೆ ಅದು ಸದಸ್ಯರ ಬಾಯಿಂದ ಸದನದ ನಡಾವಳಿಗೆ ಸೇರುತ್ತದೆ.

ಹಿನ್ನೆಲೆ

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ತನ್ನ ಗ್ರಂಥಾಲಯವನ್ನು ಸ್ಥಾಪಿಸಿದ್ದು 1818ರಲ್ಲಿ. 1834ರ ಬೆಂಕಿ ಅನಾಹುತದಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯೊಂದಿಗೆ ಅದರ ಸಂಗ್ರಹದ ಬಹುಭಾಗ ನಾಶವಾಯಿತು. ಆ ಕಾಲದಲ್ಲಿ ಸಂಸದೀಯ ಗ್ರಂಥಾಲಯವೆಂದರೆ ಸದಸ್ಯರು ಬಂದು ತಮಗೆ ಬೇಕಾದ ಪುಸ್ತಕವನ್ನು ತೆರೆದು ನೋಡುವ ಸ್ಥಳವಾಗಿತ್ತು.

ಸದಸ್ಯರ ಪರವಾಗಿ ಗ್ರಂಥಾಲಯವೇ ಹುಡುಕಿ, ಓದಿ, ಸಾರಾಂಶವನ್ನು ಒದಗಿಸಬೇಕೆಂಬ ಕಲ್ಪನೆ ಗಟ್ಟಿಯಾದದ್ದು 20ನೇ ಶತಮಾನದ ಆರಂಭದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ, ಚಾರ್ಲ್ಸ್ ಮೆಕಾರ್ಥಿ ಅವರು ಬೆಳೆಸಿದ ಶಾಸನ ಪರಾಮರ್ಶನ ಗ್ರಂಥಾಲಯ ಇದಕ್ಕೆ ಮೇಲ್ಪಂಕ್ತಿಯಾಯಿತು. 1914ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನೊಳಗೆ ಇದೇ ಬಗೆಯ ವಿಭಾಗವೊಂದು ಸ್ಥಾಪನೆಯಾಯಿತು. 1970ರಲ್ಲಿ ಅದಕ್ಕೆ ಹೆಚ್ಚಿನ ಅಧಿಕಾರವನ್ನು ನೀಡಿ ಕಾಂಗ್ರೆಷನಲ್ ರಿಸರ್ಚ್ ಸರ್ವಿಸ್ ಎಂದು ಹೆಸರಿಡಲಾಯಿತು.

ಭಾರತದ ಸಂಸತ್ ಗ್ರಂಥಾಲಯದ ಮೂಲ 1921ರಲ್ಲಿ ಕೇಂದ್ರ ಶಾಸನಸಭೆಗೆಂದು ಆರಂಭವಾದ ಗ್ರಂಥಾಲಯದಲ್ಲಿದೆ. ಅನಂತರದ ದಶಕಗಳಲ್ಲಿ ಅದು ಗ್ರಂಥಾಲಯ, ಪರಾಮರ್ಶನ, ಸಂಶೋಧನೆ, ದಾಖಲೀಕರಣ ಮತ್ತು ಮಾಹಿತಿ ಸೇವೆಗಳನ್ನು ಒಳಗೊಂಡ ವಿಸ್ತೃತ ಘಟಕವಾಗಿ ಬೆಳೆಯಿತು. ಈ ಸೇವೆಯು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ 'ಲಾರ್ಡಿಸ್' ಎಂದು ಪರಿಚಿತವಾಗಿದೆ. ವಾಸ್ತುಶಿಲ್ಪಿ ರಾಜ್ ರೇವಾಲ್ ವಿನ್ಯಾಸಗೊಳಿಸಿದ ಪ್ರತ್ಯೇಕ ಕಟ್ಟಡಕ್ಕೆ 1987ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ನೆರವೇರಿಸಿದರು. 2002ರ ಮೇ 7ರಂದು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ಉದ್ಘಾಟಿಸಿದರು. ಹಳೆಯ ಸಂಸತ್ ಭವನದ ಎತ್ತರವನ್ನು ಮೀರದಂತೆ ಕಟ್ಟಡದ ಗಣನೀಯ ಭಾಗವನ್ನು ನೆಲಮಟ್ಟದ ಕೆಳಗೆ ನಿರ್ಮಿಸಿರುವುದು ಅದರ ವೈಶಿಷ್ಟ್ಯ.

ಈ ಸಂಶೋಧನೆ ಏಕೆ ಭಿನ್ನ?

ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯು ಒಂದು ವಾದವನ್ನು ಮಂಡಿಸಿ ಅದನ್ನು ಸಮರ್ಥಿಸುವುದನ್ನು ಕಲಿಯುತ್ತಾನೆ. ಸಂಸದೀಯ ಗ್ರಂಥಾಲಯದಲ್ಲಿ ವಾದ ಮಂಡಿಸುವ ಕೆಲಸ ಸದಸ್ಯರದು. ಆಡಳಿತ ಪಕ್ಷದ ಸದಸ್ಯರೂ ವಿರೋಧ ಪಕ್ಷದ ಸದಸ್ಯರೂ ಒಂದೇ ಟಿಪ್ಪಣಿಯನ್ನು ಓದಿ, ಇದು ನಮ್ಮ ವಿರುದ್ಧ ಬರೆದದ್ದಲ್ಲ ಎಂದು ಒಪ್ಪುವಂತಿರಬೇಕು. ಆದ್ದರಿಂದ ಮಸೂದೆಯೊಂದನ್ನು 'ಐತಿಹಾಸಿಕ' ಎಂದು ಬಣ್ಣಿಸಿದರೂ 'ಕಣ್ಣೊರೆಸುವ ತಂತ್ರ' ಎಂದು ಜರೆದರೂ ಮಾರ್ಗದರ್ಶಕರ ಕೆಂಪು ಶಾಯಿ ಎರಡನ್ನೂ ಹೊಡೆದುಹಾಕುತ್ತದೆ. ಪರ ಮತ್ತು ವಿರೋಧದ ನಿಲುವುಗಳನ್ನು ಅವುಗಳನ್ನು ವ್ಯಕ್ತಪಡಿಸಿದವರ ಹೆಸರಿನಲ್ಲೇ ದಾಖಲಿಸುವುದು ಇಲ್ಲಿನ ಪದ್ಧತಿ.

ಎರಡನೆಯ ಅಂಶ ಕಾಲಮಿತಿ. ಮಸೂದೆಯ ಚರ್ಚೆ ನಾಳೆ ಎಂದಾದರೆ ಟಿಪ್ಪಣಿ ಇಂದೇ ಸಿದ್ಧವಾಗಬೇಕು. ಮತದಾನ ಮುಗಿದ ಮರುದಿನ ಬರುವ ಪರಿಪೂರ್ಣ ಅಧ್ಯಯನಕ್ಕಿಂತ ಚರ್ಚೆಗೆ ಮುನ್ನ ಕೈಸೇರುವ ನಿಖರವಾದ ನಾಲ್ಕು ಪುಟಗಳೇ ಸದಸ್ಯರಿಗೆ ಹೆಚ್ಚು ಉಪಯುಕ್ತ. ಆ ನಾಲ್ಕು ಪುಟಗಳಲ್ಲಿ ಏನನ್ನು ಬಿಡಬೇಕು ಎಂಬುದನ್ನು ನಿರ್ಧರಿಸುವುದೇ ಹೊಸಬರಿಗೆ ಕಷ್ಟದ ಪಾಠ.

ಮೂರನೆಯದು ಗೋಪ್ಯತೆ. ಯಾವ ಸದಸ್ಯರು ಯಾವ ವಿಷಯದ ಬಗ್ಗೆ ಮಾಹಿತಿ ಕೇಳಿದರು ಎಂಬುದೇ ರಾಜಕೀಯ ಸುದ್ದಿಯಾಗಬಲ್ಲದು. ಸ್ವಂತ ಪಕ್ಷದ ಮಸೂದೆಯ ದೋಷಗಳ ಬಗ್ಗೆ ಸದಸ್ಯರೊಬ್ಬರು ಸದ್ದಿಲ್ಲದೆ ವಿಚಾರಿಸಿದ್ದು ಹೊರಬಿದ್ದರೆ ಇನ್ನೊಬ್ಬರು ಗ್ರಂಥಾಲಯದ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಹೌಸ್ ಆಫ್ ಕಾಮನ್ಸ್ ಗ್ರಂಥಾಲಯವು ಸದಸ್ಯರ ವೈಯಕ್ತಿಕ ವಿಚಾರಣೆಗಳನ್ನು ಗೋಪ್ಯವಾಗಿರಿಸಿ, ಸಾಮಾನ್ಯ ವಿಷಯಗಳ ಟಿಪ್ಪಣಿಗಳನ್ನು ಮಾತ್ರ ಸಾರ್ವಜನಿಕರಿಗೆ ಪ್ರಕಟಿಸುತ್ತದೆ. ಅಲ್ಪಾವಧಿಗೆ ಬಂದ ವಿದ್ಯಾರ್ಥಿಗೂ ಇಂತಹ ಗೋಪ್ಯತೆಯ ಕಟ್ಟುಪಾಡು ಅನ್ವಯಿಸುತ್ತದೆ.

ಬ್ರಿಟನ್ನಿನ ಮಾದರಿ

ವಿದ್ಯಾರ್ಥಿಗಳನ್ನು ವ್ಯವಸ್ಥಿತವಾಗಿ ತೊಡಗಿಸಿಕೊಂಡ ಸಂಸ್ಥೆಗಳಲ್ಲಿ ಬ್ರಿಟನ್ ಸಂಸತ್ತಿನ ವಿಜ್ಞಾನ ಮತ್ತು ತಂತ್ರಜ್ಞಾನ ಕಚೇರಿ 'ಪೋಸ್ಟ್' ಪ್ರಮುಖವಾದುದು. 1989ರಲ್ಲಿ ಆರಂಭವಾದ ಈ ಕಚೇರಿಗೆ 2001ರಲ್ಲಿ ಉಭಯ ಸದನಗಳ ಶಾಶ್ವತ ಸಂಸ್ಥೆಯ ಸ್ಥಾನ ದೊರೆಯಿತು. ಇದು ಗ್ರಂಥಾಲಯದೊಂದಿಗೆ ನಿಕಟ ಸಂಬಂಧವಿರಿಸಿಕೊಂಡು, ಅದರಂತೆಯೇ ಪಕ್ಷಾತೀತ ನೆಲೆಯಲ್ಲಿ ಕಾರ್ಯ ನಿರ್ವಹಿಸುತ್ತದೆ.

ಪಿಎಚ್.ಡಿ. ವಿದ್ಯಾರ್ಥಿಗಳು ಸಂಶೋಧನಾ ಮಂಡಳಿ ಅಥವಾ ವಿದ್ವತ್ ಸಂಸ್ಥೆಗಳ ನೆರವಿನಿಂದ ಸಾಮಾನ್ಯವಾಗಿ ಮೂರು ತಿಂಗಳ ಅವಧಿಗೆ ಇಲ್ಲಿಗೆ ಬರುತ್ತಾರೆ. ಇಂಧನ, ಆರೋಗ್ಯ, ಪರಿಸರ, ಡಿಜಿಟಲ್ ತಂತ್ರಜ್ಞಾನ ಮೊದಲಾದ ಕ್ಷೇತ್ರಗಳ ಸಲಹೆಗಾರರೊಬ್ಬರು ವಿದ್ಯಾರ್ಥಿಗೆ ಮಾರ್ಗದರ್ಶಕರಾಗಿರುತ್ತಾರೆ. ವಿದ್ಯಾರ್ಥಿಯು ಪ್ರಕಟಿತ ಸಾಹಿತ್ಯವನ್ನು ಪರಿಶೀಲಿಸಿ, ವಿಶ್ವವಿದ್ಯಾಲಯ, ಸರ್ಕಾರ, ಉದ್ಯಮ ಮತ್ತು ಸ್ವಯಂಸೇವಾ ವಲಯದ ತಜ್ಞರನ್ನು ಸಂದರ್ಶಿಸುತ್ತಾನೆ. ಬಳಿಕ 'ಪೋಸ್ಟ್‌ನೋಟ್' ಎಂಬ, ಬಹುಕಾಲ ನಾಲ್ಕೇ ಪುಟಗಳಿಗೆ ಸೀಮಿತವಾಗಿದ್ದ ಟಿಪ್ಪಣಿಯನ್ನು ರಚಿಸುತ್ತಾನೆ. ಕಚೇರಿಯ ಒಳಗಿನವರೂ ಹೊರಗಿನ ತಜ್ಞರೂ ಕರಡನ್ನು ಪರಿಶೀಲಿಸಿದ ಮೇಲೆಯೇ ಅದು ಪ್ರಕಟವಾಗುತ್ತದೆ.

ತನ್ನ ಪ್ರಬಂಧದ ಒಂದು ಸೂಕ್ಷ್ಮ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ದುಡಿದ ವಿದ್ಯಾರ್ಥಿಗೆ ಇಲ್ಲಿ ಬಹುತೇಕ ಅಪರಿಚಿತವಾದ ವಿಷಯವೇ ದೊರೆಯಬಹುದು. ವಿಷಯ ಹೊಸದಾದರೂ ಆಧಾರಗಳನ್ನು ತೂಗಿ ನೋಡುವ ಕ್ರಮ ಅವನಿಗೆ ತಿಳಿದಿರುತ್ತದೆ ಎಂಬುದು ಈ ವ್ಯವಸ್ಥೆಯ ತಳಹದಿ. ಬ್ರಿಟನ್ನಿನ ಸಂಶೋಧನಾ ಮಂಡಳಿಗಳ ಮೂರು ತಿಂಗಳ ನೀತಿ ತರಬೇತಿ ಯೋಜನೆಯಡಿ ಕಾಮನ್ಸ್ ಗ್ರಂಥಾಲಯ, ಸ್ಕಾಟ್ಲೆಂಡ್ ಸಂಸತ್ತು ಮೊದಲಾದವೂ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅವಕಾಶ ಕಲ್ಪಿಸಿವೆ.

ಆಸ್ಟ್ರೇಲಿಯದಲ್ಲಿ ಪದವಿಯ ಭಾಗವಾಗಿ

ಆಸ್ಟ್ರೇಲಿಯವು ಇದನ್ನು ಪದವಿ ಶಿಕ್ಷಣದೊಂದಿಗೆ ಜೋಡಿಸಿದೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ 1993ರಲ್ಲಿ ಆರಂಭಿಸಿದ ರಾಷ್ಟ್ರೀಯ ಇಂಟರ್ನ್‌ಶಿಪ್ ಕಾರ್ಯಕ್ರಮದಡಿ ವಿದ್ಯಾರ್ಥಿಗಳನ್ನು ಸಂಸದರ ಕಚೇರಿಗಳಿಗೆ ಹಾಗೂ ಇತರ ಸಾರ್ವಜನಿಕ ಸಂಸ್ಥೆಗಳಿಗೆ ನಿಯೋಜಿಸಲಾಯಿತು. ಅಲ್ಲಿ ಅವರು ಸಿದ್ಧಪಡಿಸುವ ಸಂಶೋಧನಾ ವರದಿಗೆ ವಿಶ್ವವಿದ್ಯಾಲಯವೇ ಮೌಲ್ಯಮಾಪನ ಮಾಡಿ ಅಂಕ ನೀಡುತ್ತದೆ.

ಇಂತಹ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗೆ ಇಬ್ಬರು ಹಿರಿಯರಿರುತ್ತಾರೆ. ಸಂಶೋಧನಾ ವಿಧಾನ ಸರಿಯಿದೆಯೇ ಎಂದು ನೋಡುವವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಜನಪ್ರತಿನಿಧಿಗೆ ಇದು ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡುವವರು ಸ್ಥಳದಲ್ಲಿರುವ ಮಾರ್ಗದರ್ಶಕರು. ಇಬ್ಬರ ನಿರೀಕ್ಷೆಗಳು ಒಂದೇ ಆಗಿರುವುದಿಲ್ಲ. ಪ್ರಾಧ್ಯಾಪಕರು ಸೈದ್ಧಾಂತಿಕ ಹಿನ್ನೆಲೆಯನ್ನು ಬಯಸಿದರೆ ಸಂಸದರ ಕಚೇರಿಯು ಮೊದಲ ಪುಟದಲ್ಲೇ ಸಾರಾಂಶವನ್ನು ಕೇಳುತ್ತದೆ. ಆರಂಭದಲ್ಲಿಯೇ ವಿಷಯದ ವ್ಯಾಪ್ತಿ, ವರದಿಯ ಸ್ವರೂಪ ಮತ್ತು ಪ್ರಕಟಣೆಯ ಹಕ್ಕಿನ ಬಗ್ಗೆ ಲಿಖಿತ ಒಪ್ಪಂದವಿದ್ದರೆ ಕೊನೆಯಲ್ಲಿ ಗೊಂದಲ ಉಂಟಾಗುವುದಿಲ್ಲ.

ಭಾರತದಲ್ಲಿನ ಅವಕಾಶಗಳು

ಭಾರತದಲ್ಲಿ ಸಂಸತ್ತಿನ ತರಬೇತಿ ವ್ಯವಸ್ಥೆ 1976ರಲ್ಲಿ ಸ್ಥಾಪನೆಯಾದ ಸಂಸದೀಯ ಅಧ್ಯಯನ ಮತ್ತು ತರಬೇತಿ ಬ್ಯೂರೋದೊಂದಿಗೆ ಸಾಂಸ್ಥಿಕ ರೂಪ ಪಡೆಯಿತು. ಮುಂದೆ ಅದನ್ನು 'ಪ್ರೈಡ್' ಎಂಬ ಸಂಕ್ಷಿಪ್ತ ಹೆಸರಿನ ಸಂಸದೀಯ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಾಗಿ ಪುನರ್‌ರೂಪಿಸಲಾಯಿತು. ಸಂಸದರಿಗೆ ವಿಷಯತಜ್ಞರ ನೆರವು ಒದಗಿಸಲು 2015ರ ಜುಲೈನಲ್ಲಿ ಅಂದಿನ ಸ್ಪೀಕರ್ ಸುಮಿತ್ರಾ ಮಹಾಜನ್ ಅವರು 'ಸ್ಪೀಕರ್ಸ್ ರಿಸರ್ಚ್ ಇನಿಷಿಯೇಟಿವ್' ಎಂಬ ಯೋಜನೆಗೆ ಚಾಲನೆ ನೀಡಿದರು. ಲೋಕಸಭೆ ಮತ್ತು ರಾಜ್ಯಸಭೆಯ ಸಚಿವಾಲಯಗಳು ಕಾಲಕಾಲಕ್ಕೆ ವಿದ್ಯಾರ್ಥಿಗಳಿಂದ ಇಂಟರ್ನ್‌ಶಿಪ್‌ಗೆ ಅರ್ಜಿ ಆಹ್ವಾನಿಸಿವೆ.

ಇವುಗಳೊಂದಿಗೆ ಬಹಳಷ್ಟು ಮಂದಿ ಬೆರೆಸುವ ಇನ್ನೊಂದು ಯೋಜನೆ 'ಲ್ಯಾಂಪ್' ಫೆಲೋಶಿಪ್. 2005ರಲ್ಲಿ ಆರಂಭವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸ್ವತಂತ್ರ ಸಂಸ್ಥೆ 2010ರಿಂದ ಇದನ್ನು ನಡೆಸುತ್ತ ಬಂದಿದೆ. ಆಯ್ಕೆಯಾದ ಯುವ ಪದವೀಧರರು ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದ ಅಂತ್ಯದವರೆಗೆ ಒಬ್ಬ ಸಂಸದರ ಸಹಾಯಕರಾಗಿ ಕೆಲಸ ಮಾಡುತ್ತಾರೆ. ಪ್ರಶ್ನೆಗಳ ಕರಡು, ಭಾಷಣದ ಟಿಪ್ಪಣಿ, ಖಾಸಗಿ ಸದಸ್ಯರ ಮಸೂದೆ ಮುಂತಾದವು ಅವರ ಕೆಲಸಗಳು. ಲ್ಯಾಂಪ್ ಫೆಲೋ ತಮ್ಮ ಸಂಸದರ ನಿಲುವಿಗೆ ಪೂರಕವಾಗಿ ಬರೆಯಬಹುದು. ಗ್ರಂಥಾಲಯದಲ್ಲಿ ಕುಳಿತ ವಿದ್ಯಾರ್ಥಿಗೆ ಸದನದ ಎಲ್ಲ ಸದಸ್ಯರೂ ಸಮಾನ ಓದುಗರು.

ಸಂಸತ್ ಗ್ರಂಥಾಲಯವು ಸಾರ್ವಜನಿಕ ವಾಚನಾಲಯವಲ್ಲ. ಅದರ ಮೊದಲ ಕರ್ತವ್ಯ ಸದಸ್ಯರಿಗೆ ಸೇವೆ ಸಲ್ಲಿಸುವುದು. ಹೊರಗಿನ ಸಂಶೋಧಕರಿಗೆ ಪೂರ್ವಾನುಮತಿ ಅಗತ್ಯ. ಆದರೆ ಚರ್ಚೆಗಳು, ಸಮಿತಿ ವರದಿಗಳು ಮತ್ತು ಸಂವಿಧಾನ ಸಭೆಯ ನಡಾವಳಿಗಳ ಬಹುಭಾಗ ಸಂಸತ್ತಿನ ಡಿಜಿಟಲ್ ಗ್ರಂಥಾಲಯದ ಮೂಲಕ ಅಂತರ್ಜಾಲದಲ್ಲಿ ಲಭ್ಯವಾಗಿರುವುದರಿಂದ, ದೆಹಲಿಗೆ ತೆರಳುವ ಮೊದಲೇ ವಿದ್ಯಾರ್ಥಿಯು ಸಾಕಷ್ಟು ಪೂರ್ವಸಿದ್ಧತೆ ಮಾಡಿಕೊಳ್ಳಬಹುದು.

ಮಾರ್ಗದರ್ಶಕರು ಮಾಡುವುದೇನು?

ಮಾರ್ಗದರ್ಶಕರ ಮೊದಲ ಕೆಲಸ ವಿಷಯವನ್ನು ಕಿರಿದುಗೊಳಿಸುವುದು. 'ಭಾರತದಲ್ಲಿ ಮಹಿಳಾ ಪ್ರಾತಿನಿಧ್ಯ' ಎಂಬುದು ಪುಸ್ತಕದ ವಿಷಯ. 'ಲೋಕಸಭೆಯಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡುವ ಮಸೂದೆಗಳು 1996ರಿಂದ 2023ರವರೆಗೆ ಹೇಗೆ ಬದಲಾದವು' ಎಂಬುದು ಕೆಲವೇ ವಾರಗಳಲ್ಲಿ ಉತ್ತರಿಸಬಹುದಾದ ಪ್ರಶ್ನೆ.

ಎರಡನೆಯ ಕೆಲಸ ಮೂಲ ದಾಖಲೆಯತ್ತ ತಿರುಗಿಸುವುದು. ಪತ್ರಿಕಾ ವರದಿ ದಾರಿ ತೋರಿಸಬಹುದು, ಆದರೆ ಆಧಾರವಾಗಿ ನಿಲ್ಲಬೇಕಾದದ್ದು ಮಂಡಿತವಾದ ಮಸೂದೆ, ಸಮಿತಿಯ ವರದಿ, ಸದನದ ನಡಾವಳಿ ಮತ್ತು ರಾಜ್ಯಪತ್ರ. ಕಾರ್ಯವಿಧಾನದ ಸಂದೇಹಗಳಿಗೆ 1968ರಲ್ಲಿ ಮೊದಲು ಪ್ರಕಟವಾಗಿ ಅನಂತರ ಹಲವು ಪರಿಷ್ಕರಣೆಗಳನ್ನು ಕಂಡ ಕೌಲ್ ಮತ್ತು ಶಕ್ದರ್ ಅವರ ಸಂಸದೀಯ ಪದ್ಧತಿಯ ಗ್ರಂಥವನ್ನು ನೋಡುವುದು ರೂಢಿ. ನಡಾವಳಿಯಲ್ಲಿಯೂ ಎಚ್ಚರಿಕೆ ಬೇಕು. ಕಲಾಪದ ದಿನವೇ ಹೊರಬರುವ ತಿದ್ದದ ಪ್ರತಿಗೂ ಅಂತಿಮ ಆವೃತ್ತಿಗೂ ವ್ಯತ್ಯಾಸಗಳಿರುತ್ತವೆ. ಪೀಠವು ಕಡತದಿಂದ ತೆಗೆದುಹಾಕಿದ ಮಾತುಗಳನ್ನು ಉಲ್ಲೇಖಿಸುವಂತಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ್ದು ನಾಡಿಗೆ ತಿಳಿದ ಸಂಗತಿ. ಸದಸ್ಯರು ಭಾರತೀಯ ಭಾಷೆಗಳಲ್ಲಿ ಆಡಿದ ಮಾತು ಇಂಗ್ಲಿಷ್ ಆವೃತ್ತಿಯಲ್ಲಿ ಅನುವಾದವಾಗಿ ಮಾತ್ರ ಕಾಣಸಿಗುತ್ತದೆ. ಮೂಲ ಭಾಷೆ ಬಲ್ಲ ವಿದ್ಯಾರ್ಥಿಯು ಅನುವಾದದೊಂದಿಗೆ ಮೂಲವನ್ನೂ ಹೋಲಿಸಿ ನೋಡಿದರೆ ಟಿಪ್ಪಣಿಯ ಮೌಲ್ಯ ಹೆಚ್ಚುತ್ತದೆ.

ಮೂರನೆಯ ಕೆಲಸ ಕರಡಿನ ಪರಿಶೀಲನೆ. ಪ್ರತಿಯೊಂದು ಅಂಕಿಯ ಎದುರು ಅದರ ಮೂಲವನ್ನು ಬರೆಯುವಂತೆ ಹೇಳಿ, ಮಾರ್ಗದರ್ಶಕರು ಕೆಲವನ್ನಾದರೂ ಸ್ವತಃ ತೆರೆದು ನೋಡುತ್ತಾರೆ. ಟಿಪ್ಪಣಿಯು ಹೊರಹೋಗುವುದು ಸಂಸ್ಥೆಯ ಹೆಸರಿನಲ್ಲಿ. ಹಾಗಾಗಿ ವಿದ್ಯಾರ್ಥಿಯ ತಪ್ಪಿಗೆ ಉತ್ತರಿಸಬೇಕಾದವರು ಮಾರ್ಗದರ್ಶಕರೇ.

ಒಂದು ನಿದರ್ಶನ: ಮಹಿಳಾ ಮೀಸಲಾತಿ ಮಸೂದೆ

ಈ ಶಿಸ್ತಿನ ಅಗತ್ಯವನ್ನು ಅರಿಯಲು ಮೇಲೆ ಹೇಳಿದ ವಿಷಯವನ್ನೇ ತೆಗೆದುಕೊಳ್ಳಬಹುದು. ಎಚ್.ಡಿ. ದೇವೇಗೌಡರ ಸರ್ಕಾರವು 1996ರ ಸೆಪ್ಟೆಂಬರ್ 12ರಂದು ಲೋಕಸಭೆಯಲ್ಲಿ ಮಂಡಿಸಿದ್ದು ಸಂವಿಧಾನದ 81ನೇ ತಿದ್ದುಪಡಿ ಮಸೂದೆ. 1998ರಲ್ಲಿ ಮಂಡನೆಯಾದದ್ದು 84ನೇ ತಿದ್ದುಪಡಿ ಮಸೂದೆ, 1999ರಲ್ಲಿ ಮಂಡನೆಯಾದದ್ದು 85ನೇ ತಿದ್ದುಪಡಿ ಮಸೂದೆ. ಮೂರೂ ಅಂಗೀಕಾರವಾಗದೆ ಆಯಾ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋದವು.

ಇಲ್ಲಿಯೇ ಹೊಸಬರು ಎಡವುತ್ತಾರೆ. ಮಸೂದೆಯ ಸಂಖ್ಯೆಯನ್ನು ಹಿಡಿದು ಕಾಯ್ದೆಯನ್ನು ಹುಡುಕಿದರೆ ಬೇರೆಯದೇ ವಿಷಯ ಎದುರಾಗುತ್ತದೆ. 2000ನೇ ಇಸವಿಯ 81ನೇ ತಿದ್ದುಪಡಿ ಕಾಯ್ದೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಭರ್ತಿಯಾಗದ ಮೀಸಲು ಹುದ್ದೆಗಳಿಗೆ ಸಂಬಂಧಿಸಿದ್ದು. 2001ರ 84ನೇ ತಿದ್ದುಪಡಿ ಕಾಯ್ದೆಯ ವಿಷಯ ಕ್ಷೇತ್ರ ಪುನರ್ವಿಂಗಡಣೆ. ಅದೇ ವರ್ಷದ 85ನೇ ತಿದ್ದುಪಡಿ ಕಾಯ್ದೆಯು ಬಡ್ತಿ ಮೀಸಲಾತಿ ಪಡೆದವರ ತತ್ಪರಿಣಾಮ ಜ್ಯೇಷ್ಠತೆಯ ಕುರಿತಾದದ್ದು. ಕರ್ನಾಟಕದ ಸರ್ಕಾರಿ ನೌಕರರಿಗೆ ಇದು ಚೆನ್ನಾಗಿ ಪರಿಚಿತ. ಇದನ್ನು ಆಧರಿಸಿದ ರಾಜ್ಯದ 2002ರ ಕಾಯ್ದೆಯ ಪ್ರಮುಖ ಭಾಗಗಳನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದುಪಡಿಸಿತು. ಅನಂತರ ರೂಪಿಸಿದ 2018ರ ಕಾಯ್ದೆಯನ್ನು 2019ರಲ್ಲಿ ಎತ್ತಿಹಿಡಿಯಿತು. ಮಸೂದೆ ಮತ್ತು ಕಾಯ್ದೆಗಳ ಸಂಖ್ಯಾಕ್ರಮ ಬೇರೆಬೇರೆ ಎಂಬ ಸಣ್ಣ ಸಂಗತಿಯನ್ನು ಅರಿಯದ ಟಿಪ್ಪಣಿಯು ಸದಸ್ಯರನ್ನು ಸದನದಲ್ಲಿ ನಗೆಪಾಟಲಿಗೀಡುಮಾಡಬಲ್ಲದು.

2008ರಲ್ಲಿ 108ನೇ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ರಾಜ್ಯಸಭೆಯು 2010ರ ಮಾರ್ಚ್ 9ರಂದು ಅದನ್ನು ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ರದ್ದಾಗುವುದಿಲ್ಲ ಎಂದು ಅರೆಬರೆ ತಿಳಿದವರು ಬರೆದುಬಿಡುವ ಸಂಭವವಿದೆ. ಸಂವಿಧಾನದ 107ನೇ ವಿಧಿಯನ್ನು ಪೂರ್ತಿಯಾಗಿ ಓದಿದರೆ ವಿಷಯ ಸ್ಪಷ್ಟವಾಗುತ್ತದೆ. ಲೋಕಸಭೆಯು ಇನ್ನೂ ಅಂಗೀಕರಿಸದ, ರಾಜ್ಯಸಭೆಯಲ್ಲೇ ಬಾಕಿಯಿರುವ ಮಸೂದೆ ಲೋಕಸಭೆಯ ವಿಸರ್ಜನೆಯಿಂದ ರದ್ದಾಗದು; ರಾಜ್ಯಸಭೆಯಲ್ಲಿ ಅಂಗೀಕಾರವಾಗಿ ಲೋಕಸಭೆಯಲ್ಲಿ ಬಾಕಿಯಿರುವ ಮಸೂದೆ ರದ್ದಾಗುತ್ತದೆ. 108ನೇ ತಿದ್ದುಪಡಿ ಮಸೂದೆಯು 2014ರಲ್ಲಿ 15ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಅಂತ್ಯಗೊಂಡದ್ದು ಈ ಕಾರಣದಿಂದ.

ಸಮಿತಿ ವರದಿಗಳನ್ನು ಓದುವ ವಿದ್ಯಾರ್ಥಿಗೆ ಇನ್ನೊಂದು ಎಳೆ ದೊರೆಯುತ್ತದೆ. ಮೊದಲ ಮಸೂದೆಯಲ್ಲಿದ್ದ 'ಮೂರನೇ ಒಂದಕ್ಕೆ ಕಡಿಮೆಯಿಲ್ಲದಂತೆ' ಎಂಬ ಅರ್ಥದ ಪದಗಳು ಅಸ್ಪಷ್ಟವೆಂದು ಗೀತಾ ಮುಖರ್ಜಿ ಅಧ್ಯಕ್ಷತೆಯ ಜಂಟಿ ಸಮಿತಿಯು 1996ರ ಡಿಸೆಂಬರ್‌ನಲ್ಲಿ ಅಭಿಪ್ರಾಯಪಟ್ಟು, 'ಸಾಧ್ಯವಾದಷ್ಟೂ ಮೂರನೇ ಒಂದರಷ್ಟು' ಎಂದು ಬದಲಿಸಲು ಸೂಚಿಸಿತು. 2023ರಲ್ಲಿ 128ನೇ ತಿದ್ದುಪಡಿ ಮಸೂದೆಯಾಗಿ ಬಂದು 106ನೇ ತಿದ್ದುಪಡಿ ಕಾಯ್ದೆಯಾದ ಪಠ್ಯದಲ್ಲಿಯೂ ಇದೇ ಪದಗುಚ್ಛವಿದೆ. ಈ ಮಸೂದೆಯ ಪರವಾಗಿ ಲೋಕಸಭೆಯಲ್ಲಿ 454, ವಿರುದ್ಧವಾಗಿ 2 ಮತಗಳು ಬಿದ್ದವು. ರಾಜ್ಯಸಭೆಯಲ್ಲಿ 214 ಸದಸ್ಯರು ಬೆಂಬಲಿಸಿದರು, ವಿರೋಧಿಸಿದವರು ಯಾರೂ ಇರಲಿಲ್ಲ. ಕಾಯ್ದೆ ಜಾರಿಯಾದ ಬಳಿಕ ನಡೆಯುವ ಮೊದಲ ಜನಗಣತಿಯ ಅಂಕಿಗಳನ್ನು ಆಧರಿಸಿ ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ ಮೀಸಲಾತಿ ಅನ್ವಯವಾಗುವುದೆಂದು 2023ರ ಪಠ್ಯದ 334ಎ ವಿಧಿ ಹೇಳುತ್ತದೆ. 1996ರ ಮಸೂದೆಯನ್ನು ಪಕ್ಕದಲ್ಲಿಟ್ಟು ಓದಿದಾಗ ಈ ಷರತ್ತು ಹೊಸದೆಂಬುದು ತಿಳಿಯುತ್ತದೆ. ಅದು ಸರಿಯೇ ತಪ್ಪೇ ಎಂದು ಟಿಪ್ಪಣಿ ಹೇಳುವುದಿಲ್ಲ. ಷರತ್ತು ಯಾವಾಗ ಸೇರಿತು, ಅದರ ಬಗ್ಗೆ ಯಾರು ಏನು ಹೇಳಿದರು ಎಂಬುದನ್ನು ದಾಖಲಿಸಿ ನಿಲ್ಲುತ್ತದೆ.

ಕರ್ನಾಟಕದ ನಂಟು

ಇದೇ ಅಧ್ಯಯನದ ಜಾಡು ವಿದ್ಯಾರ್ಥಿಯನ್ನು ಬೆಂಗಳೂರಿಗೂ ಕರೆತರುತ್ತದೆ. ಪಂಚಾಯತಿಗಳಲ್ಲಿ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೂ ಮುನ್ನವೇ, ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ ರೂಪುಗೊಂಡ 1983ರ ಪಂಚಾಯತ್ ಕಾಯ್ದೆಯು ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತ್ತು. ಅದರಡಿ 1987ರಲ್ಲಿ ಚುನಾವಣೆಗಳು ನಡೆದವು. ಆ ಮಸೂದೆಯ ಮೇಲಿನ ಚರ್ಚೆಯನ್ನು ತಿಳಿಯಲು ರಾಜ್ಯ ವಿಧಾನ ಮಂಡಲದ ನಡಾವಳಿಗಳನ್ನೇ ಅವಲಂಬಿಸಬೇಕು.

ಸಂಶೋಧನೆಗೆ ಒದಗುವ ಶಾಸಕಾಂಗ ದಾಖಲೆಗಳ ದೃಷ್ಟಿಯಿಂದ ಕರ್ನಾಟಕ ಶ್ರೀಮಂತ ರಾಜ್ಯ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 1881ರ ಅಕ್ಟೋಬರ್ 7ರಂದು ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 1907ರಲ್ಲಿ ನ್ಯಾಯ ವಿಧಾಯಕ ಸಭೆ ಸ್ಥಾಪನೆಯಾಯಿತು. ರೈತರ ಕಂದಾಯ, ಕೆರೆಗಳ ದುರಸ್ತಿ, ಶಾಲೆಗಳ ಸ್ಥಾಪನೆ ಕುರಿತು ಪ್ರತಿನಿಧಿಗಳು ಸಲ್ಲಿಸಿದ ಅಹವಾಲುಗಳು ಈ ಸಭೆಗಳ ನಡಾವಳಿಗಳಲ್ಲಿವೆ. ನಂತರದ ಕಾಲದ ಉಳುವವನೇ ಹೊಲದೊಡೆಯ ಎಂಬ ನೀತಿಗೆ ಬಲ ನೀಡಿದ 1974ರ ಭೂಸುಧಾರಣಾ ತಿದ್ದುಪಡಿಯಂತಹ ವಿಷಯಗಳು ಕನ್ನಡ ಬಲ್ಲ ವಿದ್ಯಾರ್ಥಿಗಾಗಿಯೇ ಕಾದಿರುವಂತಿವೆ. ರಾಜ್ಯ ಶಾಸಕಾಂಗದ ಚರ್ಚೆಗಳ ಬಹುಪಾಲು ಕನ್ನಡದಲ್ಲಿರುವುದರಿಂದ ಹೊರಗಿನ ಸಂಶೋಧಕರಿಗೆ ಇವು ಸುಲಭವಾಗಿ ದಕ್ಕುವಂಥವಲ್ಲ.

ಮಿತಿಗಳು ಮತ್ತು ಆಕ್ಷೇಪಗಳು

ಈ ವ್ಯವಸ್ಥೆಯ ಬಗ್ಗೆ ಆಕ್ಷೇಪಗಳೂ ಇವೆ. ವೇತನವಿಲ್ಲದ ಅಥವಾ ಅಲ್ಪ ಭತ್ಯೆಯ ತರಬೇತಿಯಾದರೆ, ರಾಜಧಾನಿಯಲ್ಲಿ ತಿಂಗಳುಗಟ್ಟಲೆ ಉಳಿಯುವ ಖರ್ಚನ್ನು ಭರಿಸಬಲ್ಲ ಕುಟುಂಬಗಳ ಮಕ್ಕಳಿಗಷ್ಟೇ ಅವಕಾಶ ದೊರೆಯುತ್ತದೆ ಎಂಬುದು ಒಂದು. ಕಾಯಂ ಸಂಶೋಧನಾ ಸಿಬ್ಬಂದಿಯನ್ನು ನೇಮಿಸುವ ಬದಲು ವಿದ್ಯಾರ್ಥಿಗಳಿಂದ ಕೆಲಸ ಸಾಗಿಸುವ ಅಪಾಯವಿದೆ ಎಂಬುದು ಇನ್ನೊಂದು. ಉತ್ತಮ ಮಾರ್ಗದರ್ಶನ ನೀಡಲು ಹಿರಿಯ ಅಧಿಕಾರಿಗೆ ಸಮಯ ಬೇಕು. ಅಧಿವೇಶನದ ದಿನಗಳಲ್ಲಿ ಅದೇ ದುರ್ಲಭ.

ಸಂಶೋಧನೆ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಗೂ ದೇಶದಿಂದ ದೇಶಕ್ಕೆ ಉತ್ತರ ಬೇರೆ. ಅಮೆರಿಕದ ಕಾಂಗ್ರೆಷನಲ್ ರಿಸರ್ಚ್ ಸರ್ವಿಸ್‌ನ ವರದಿಗಳನ್ನು ಸಾರ್ವಜನಿಕರಿಗೆ ಕಡ್ಡಾಯವಾಗಿ ಮುಕ್ತಗೊಳಿಸುವ ಕಾನೂನು ಜಾರಿಯಾದದ್ದು 2018ರಲ್ಲಿ. ಅಲ್ಲಿಯವರೆಗೆ ಅವು ಅಧಿಕೃತವಾಗಿ ಸದಸ್ಯರಿಗಷ್ಟೇ ಮೀಸಲಾಗಿದ್ದವು.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ, ಸಿದ್ಧವಾದ ಟಿಪ್ಪಣಿಯನ್ನು ಓದುವ ಅಗತ್ಯವೇ ಸದಸ್ಯರಿಗೆ ಕಡಿಮೆಯಾಗುತ್ತಿದೆಯೇ ಎಂಬುದು. 1985ರ 52ನೇ ತಿದ್ದುಪಡಿಯಿಂದ ಬಂದ ಪಕ್ಷಾಂತರ ನಿಷೇಧ ನಿಯಮದಡಿ ಸದಸ್ಯರು ಪಕ್ಷದ ವಿಪ್‌ಗೆ ಅನುಗುಣವಾಗಿ ಮತ ಹಾಕಬೇಕಾಗುತ್ತದೆ. ಮಸೂದೆಗಳು ಕೂಲಂಕಷ ಪರಿಶೀಲನೆಗೆ ಸಮಿತಿಗಳಿಗೆ ಹೋಗುವ ಪ್ರಮಾಣವೂ ಇಳಿದಿದೆ. ಪಿಆರ್‌ಎಸ್ ಲೆಕ್ಕಾಚಾರದಂತೆ 15ನೇ ಲೋಕಸಭೆಯ ಅವಧಿಯಲ್ಲಿ ಸುಮಾರು ಶೇ. 71ರಷ್ಟಿದ್ದ ಈ ಪ್ರಮಾಣ, 2019ರಿಂದ 2024ರವರೆಗಿನ 17ನೇ ಲೋಕಸಭೆಯ ಅವಧಿಯಲ್ಲಿ ಸುಮಾರು ಶೇ. 16ಕ್ಕೆ ಕುಸಿಯಿತು. ಹೀಗಾದಾಗ ಗ್ರಂಥಾಲಯದ ಟಿಪ್ಪಣಿಯ ಮಹತ್ವ ಕುಗ್ಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಸಮಿತಿಯ ಪರಿಶೀಲನೆ ಇಲ್ಲದಿರುವಾಗ ಸದಸ್ಯರ ಕೈಗೆ ಸಿಗುವ ಏಕೈಕ ನಿಷ್ಪಕ್ಷಪಾತ ವಿವರಣೆ ಅದೇ ಆಗಬಹುದಾದ್ದರಿಂದ ಮಹತ್ವ ಹೆಚ್ಚುತ್ತದೆ ಎಂಬ ಪ್ರತಿವಾದವೂ ಇದೆ.

ಆಸಕ್ತ ವಿದ್ಯಾರ್ಥಿಗಳಿಗೆ

ರಾಜ್ಯಶಾಸ್ತ್ರ ಅಥವಾ ಕಾನೂನು ಓದಿದವರಿಗಷ್ಟೇ ಇದು ಮೀಸಲಾದ ಕ್ಷೇತ್ರವಲ್ಲ. ಅಂತರ್ಜಲ, ಔಷಧ ಬೆಲೆ, ದತ್ತಾಂಶ ರಕ್ಷಣೆ, ರೈಲ್ವೆ ಸುರಕ್ಷತೆ ಎಲ್ಲವೂ ಸದನದ ವಿಷಯಗಳೇ ಆಗಿರುವುದರಿಂದ ವಿಜ್ಞಾನ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೂ ಬೇಡಿಕೆಯಿದೆ. ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ಸಿದ್ಧತೆ ಸಹಕಾರಿ:

- ಒಂದು ಮಸೂದೆಯನ್ನು ಆಯ್ದು ಮಂಡನೆಯಿಂದ ರಾಜ್ಯಪತ್ರದವರೆಗಿನ ಅದರ ದಾರಿಯನ್ನು ಮೂಲ ದಾಖಲೆಗಳಲ್ಲಿಯೇ ಗುರುತಿಸುವುದು.
- ಅದೇ ವಿಷಯದ ಚುಕ್ಕೆ ಗುರುತಿನ ಮತ್ತು ಚುಕ್ಕೆ ರಹಿತ ಪ್ರಶ್ನೆಗಳಿಗೆ ಸಚಿವರು ನೀಡಿದ ಉತ್ತರಗಳನ್ನು ಸಂಗ್ರಹಿಸುವುದು.
- ಸಮಿತಿಯ ವರದಿಯನ್ನು ಭಿನ್ನಮತದ ಟಿಪ್ಪಣಿಗಳ ಸಹಿತ ಓದುವುದು.
- ಇವೆಲ್ಲವನ್ನೂ ಯಾವ ಪಕ್ಷದವರೂ ಆಕ್ಷೇಪಿಸಲಾಗದಂತೆ ಎರಡು ಪುಟಗಳಲ್ಲಿ ಬರೆದು, ಅಧ್ಯಾಪಕರೊಬ್ಬರಿಂದ ತಿದ್ದಿಸಿಕೊಳ್ಳುವುದು.

ಅರ್ಹತೆ, ಅವಧಿ ಮತ್ತು ಭತ್ಯೆಗಳು ಬದಲಾಗುತ್ತಿರುವುದರಿಂದ ಆಯಾ ಸಚಿವಾಲಯದ ಆ ವರ್ಷದ ಪ್ರಕಟಣೆಯನ್ನೇ ನೋಡುವುದು ಸೂಕ್ತ.

ಗ್ರಂಥಾಲಯದ ಟಿಪ್ಪಣಿಯನ್ನು ಬಳಸಿಕೊಂಡ ಸದಸ್ಯರು ಸಾಮಾನ್ಯವಾಗಿ ಅದನ್ನು ಬರೆದವರ ಹೆಸರು ಹೇಳುವುದಿಲ್ಲ, ಹೇಳಬೇಕೆಂಬ ನಿಯಮವೂ ಇಲ್ಲ. ವಿದ್ಯಾರ್ಥಿಯು ಪರಿಶೀಲಿಸಿ ಕೊಟ್ಟ ದಿನಾಂಕವೋ ಅಂಕಿಯೋ ಸದಸ್ಯರ ಮಾತಾಗಿ ನಡಾವಳಿಯಲ್ಲಿ ಉಳಿಯುತ್ತದೆ. ಹಲವು ವರ್ಷಗಳ ನಂತರ ಅದೇ ವಿಷಯ ಮತ್ತೆ ಸದನಕ್ಕೆ ಬಂದಾಗ, ಗ್ರಂಥಾಲಯದಲ್ಲಿ ಕುಳಿತ ಇನ್ನೊಬ್ಬ ವಿದ್ಯಾರ್ಥಿಯು ಮೊದಲು ತೆರೆಯುವುದು ಆ ನಡಾವಳಿಯ ಪುಟವನ್ನೇ.